ಬರೆದ ಕೈಯೇ ಒರೆಸಬೇಕು

ಬೆಳಗಿನ ಐದೂ ಮುಕ್ಕಾಲು. ಸೂರ್ಯ ಇನ್ನೂ ಹಾಸಿಗೆಯಲ್ಲೇ ಮಗ್ಗುಲು ಬದಲಿಸುತ್ತಿದ್ದಾನೆ. ಬಟ್ಟೆ ಕಾರ್ಖಾನೆಯ ಮಗ್ಗದ ಶೆಡ್ಡಿನಲ್ಲಿ ನೂರಿಪ್ಪತ್ತು ಮಗ್ಗಗಳು ಬಾಯಿ ಮುಚ್ಚಿಕೊಂಡು ನಿಂತಿವೆ. ಅವುಗಳ ನಡುವೆ, ಒಂದೇ ಒಂದು ಬಲ್ಬಿನ ಕೆಳಗೆ, ಐವತ್ತಾರು ದಾಟಿದ ಒಬ್ಬ ಮನುಷ್ಯ ಕಬ್ಬಿಣದ ತಳ್ಳುಗಾಡಿಯ ಪಕ್ಕ ಮಂಡಿಯೂರಿ ಕುಳಿತಿದ್ದಾರೆ. ಎಡಗೈಯಲ್ಲಿ ಒದ್ದೆ ಬಟ್ಟೆ, ಬಲಗೈಯಲ್ಲಿ ಸೀಮೆಸುಣ್ಣ. ಗಾಡಿಯ ಮೈಮೇಲಿನ ಹತ್ತಿಧೂಳನ್ನು ಒರೆಸುತ್ತಾ ಬಂದ ಬಟ್ಟೆ, ಒಂದು ಬರಹದ ಹತ್ತಿರ ಬಂದ ಕೂಡಲೇ ಹಾವು ಕಂಡ ಹಾಗೆ ಹಿಂದೆ ಸರಿದು, ಸುತ್ತು ಬಳಸಿ ಮುಂದೆ ಹೋಗುತ್ತದೆ.

ಬರಹ ಇಷ್ಟೇ: "ಹಿಂಬಾಗಿಲ ಬೀಗ ತೆಗೆಸಿ. ಬೆಂಕಿ ಬಿದ್ದರೆ ನಾವು ಎಲ್ಲಿಂದ ಓಡೋದು?"

ನಿನ್ನೆಯ ತಿರುಗಾಟದಲ್ಲಿ ಅಕ್ಷರಗಳು ಮಾಸಿವೆ. ಅವರು ಉಸಿರು ಬಿಗಿಹಿಡಿದು ಅವುಗಳ ಮೇಲೆ ಸೀಮೆಸುಣ್ಣ ಎಳೆಯುತ್ತಾರೆ. ಅಕ್ಷರಗಳೆಲ್ಲ ಗಾಳಿಗೆ ಬಾಗಿದ ಪೈರಿನ ಹಾಗೆ ಎಡಕ್ಕೆ ವಾಲಿವೆ. ಅವರು ನೆಟ್ಟಗೆ ಮಾಡುವುದಿಲ್ಲ. ವಾಲಿದ್ದನ್ನು ವಾಲಿದ ಹಾಗೆಯೇ ತಿದ್ದುತ್ತಾರೆ. ಚಿನ್ನದ ಕೆಲಸ ಮಾಡುವವರು ಕೂಡ ಅಷ್ಟು ಜೋಪಾನ ಮಾಡಲಾರರು. ಹತ್ತೊಂಬತ್ತು ದಿನಗಳಿಂದ ಇದು ಅವರ ಮೊದಲ ಕೆಲಸ.

"ಹತ್ತೊಂಬತ್ತಾಯ್ತು. ಇನ್ನೂ ಉತ್ತರ ಬಂದಿಲ್ಲ," ಎನ್ನುತ್ತಾ ಅವರು ಮಂಡಿಯ ಮೇಲೆ ಕೈಯೂರಿ ಏಳುತ್ತಾರೆ. ಮಂಡಿ ಚಟ್ ಎನ್ನುತ್ತದೆ. "ಇದೊಂದು ಮಂಡಿ ಮಾತ್ರ ಕೇಳದೆ ಇದ್ರೂ ಉತ್ತರ ಕೊಡತ್ತೆ ನೋಡಿ."

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಗಾಡಿಯಣ್ಣ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ. ಅದನ್ನು ಕೂಗಿದರೆ ಅವರೇ ಹಿಂದೆ ತಿರುಗಿ, ಯಾರನ್ನು ಕರೀತಿದಾರೆ ಎಂದು ನೋಡುತ್ತಾರೆ. ಅವರ ಕೆಲಸ ಕಂಡಿಕೆ ಹಂಚುವುದು. ಕಂಡಿಕೆ ಎಂದರೆ ನೂಲು ಸುತ್ತಿದ ಪುಟ್ಟ ಕೊಳವೆ. ಮಗ್ಗಕ್ಕೆ ಇದೇ ಊಟ. ಒಂದು ಗಾಡಿಗೆ ಇನ್ನೂರ ನಲವತ್ತು ಕಂಡಿಕೆ, ಎಂಟು ಸಾಲು ಮಗ್ಗ, ದಿನಕ್ಕೆ ಹದಿನಾಲ್ಕು ಸುತ್ತು. ಸುಮಾರು ನಾಲ್ಕು ಕಿಲೋಮೀಟರ್ ಆಯಿತು. ಮೂವತ್ತೊಂದು ವರ್ಷದ ನಡಿಗೆಯನ್ನು ಉದ್ದಕ್ಕೆ ಬಿಚ್ಚಿಟ್ಟರೆ ಭೂಮಿಯನ್ನೇ ಸುತ್ತಿ ಬರಲು ಇನ್ನೆರಡು ವರ್ಷದ ದಾರಿ ಮಾತ್ರ ಬಾಕಿ. ಅವರ ನಿವೃತ್ತಿಗೂ ಎರಡೇ ವರ್ಷ. ಭೂಪ್ರದಕ್ಷಿಣೆ ಮಾಡಿದ ಮಹಾವೀರರಿಗೆಲ್ಲ ಹಡಗಿತ್ತು, ಹಾಯಿಯಿತ್ತು. ಇವರಿಗಿರುವುದು ಒಂದು ಚಕ್ರ ಕಿರುಗುಟ್ಟುವ ಗಾಡಿ.

ಆದರೆ ಗಾಡಿಯಣ್ಣನ ದೊಡ್ಡಸ್ತಿಕೆ ಕಂಡಿಕೆಯಲ್ಲಿಲ್ಲ. ಆ ಗಾಡಿ ಈ ಕಾರ್ಖಾನೆಯ ದಿನಪತ್ರಿಕೆ. ಒಂದೇ ಒಂದು ಪ್ರತಿ, ನಾಲ್ಕು ಚಕ್ರ, ಎರಡು ಪುಟ, ಎರಡು ಪಾಳಿಗೆ ಸೇರಿ ನೂರ ತೊಂಬತ್ತಾರು ಓದುಗರು. ಒಬ್ಬನೇ ಒಬ್ಬ ಓದುಗನೂ ಅದನ್ನು ಓದದೆ ಮಡಚಿಟ್ಟ ದಿನವಿಲ್ಲ. ಇಷ್ಟು ನಿಷ್ಠೆಯ ಓದುಗರು ಇರುವ ಇನ್ನೊಂದು ಪತ್ರಿಕೆಯನ್ನು ಮೂರು ಲೋಕದಲ್ಲಿ ಹುಡುಕಿದರೂ ಸಿಗಲಾರದು.

ಇದು ಶುರುವಾದದ್ದಕ್ಕೆ ಕಾರಣ ಸದ್ದು. ಆರೂವರೆಗೆ ಮಗ್ಗಗಳು ಬಾಯಿ ತೆರೆದರೆ ಮುಗಿಯಿತು. ಗುಡುಗು ಬಂದರೂ ಹೊರಗೇ ನಿಂತು ತನ್ನ ಸರದಿಗೆ ಕಾಯಬೇಕು. ಇಲ್ಲಿ ಜಗಳವಾಡುವವರು ಮಧ್ಯಾಹ್ನದ ಬಿಡುವಿನಲ್ಲಿ ಹೊತ್ತು ಗೊತ್ತುಮಾಡಿಕೊಂಡು ಜಗಳವಾಡುತ್ತಾರೆ. ಉಳಿದ ಹೊತ್ತು ಎಲ್ಲವೂ ಕೈಸನ್ನೆ, ಕಣ್ಸನ್ನೆ. ಗಾಡಿಯಣ್ಣ ತಮ್ಮ ಮದುವೆಯ ಮಾತನ್ನೂ ಸನ್ನೆಯಲ್ಲೇ ಕೇಳಿದವರು. ಅರವತ್ತೆರಡನೇ ಮಗ್ಗದ ಹುಡುಗಿ ತಲೆಯಾಡಿಸಿದಳು. "ನಾನು ಇನ್ನೂ ನಾಕು ಕಂಡಿಕೆ ಬೇಕಾ ಅಂತ ಕೇಳಿದ್ದು ಅಂದ್ಕೊಂಡಿದ್ಲಂತೆ ಅವಳು. ಈಗ್ಲೂ ಅದೇ ಹೇಳ್ತಾಳೆ, ನಾಕು ಕಂಡಿಕೆ ಆಸೆಗೆ ತಲೆಯಾಡಿಸ್ಬಿಟ್ಟೆ ಅಂತ."

ಇಂಥ ಶೆಡ್ಡಿಗೆ ಆಫೀಸಿನವರು ಸುದ್ದಿ ತಲುಪಿಸುತ್ತಿದ್ದುದು ಗೇಟಿನ ಹತ್ತಿರದ ಫಲಕದಲ್ಲಿ. ಹದಿನೆಂಟು ವರ್ಷದ ಹಿಂದೆ ಒಂದು ದಿನ ಅಲ್ಲೊಂದು ಕಾಗದ ಅಂಟಿಸಿದರು. "ಸಮಸ್ತ ನೌಕರವರ್ಗದ ಆದ್ಯ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಹೊರಟ ವಾಕ್ಯ ಕಾಗದದ ಕೊನೆಯವರೆಗೂ ಉಸಿರು ತೆಗೆದುಕೊಳ್ಳಲಿಲ್ಲ. ಅದರ ಹೊಟ್ಟೆಯೊಳಗೆಲ್ಲೋ, ಮರುದಿನದಿಂದ ಪಾಳಿ ಏಳರ ಬದಲು ಆರಕ್ಕೆ ಎಂಬ ಸಂಗತಿ ಅಡಗಿತ್ತು. ಗೇಟಿನಲ್ಲಿ ನಿಂತು ಓದುವ ಪುರುಸೊತ್ತು ಯಾರಿಗಿದೆ? ಮರುದಿನ ಆರು ಗಂಟೆಗೆ ಶೆಡ್ಡಿನಲ್ಲಿ ಇದ್ದವರು ಒಂಬತ್ತು ಜನ, ಎರಡು ಬೆಕ್ಕು.

ಆ ಮಧ್ಯಾಹ್ನ ಗಾಡಿಯಣ್ಣ ಕಂಡಿಕೆ ಪೆಟ್ಟಿಗೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಗಾಡಿಯ ಎಡ ಮಗ್ಗುಲಿಗೆ ಬರೆದರು: "ನಾಳೆಯಿಂದ ಆರಕ್ಕೇ ಬನ್ನಿ." ಒಂದು ಸುತ್ತು ಮುಗಿಯುವಷ್ಟರಲ್ಲಿ ಇಡೀ ಶೆಡ್ಡಿಗೆ ಗೊತ್ತಾಯಿತು. ಅಷ್ಟಕ್ಕೇ ಮುಗಿದಿದ್ದರೆ ಇದು ಪತ್ರಿಕೆಯಾಗುತ್ತಿರಲಿಲ್ಲ. ನೂಲಿನ ಉಗ್ರಾಣಕ್ಕೆ ವಾಪಸು ಬಂದು ನೋಡಿದರೆ ಬಲ ಮಗ್ಗುಲಲ್ಲಿ ಯಾರೋ ಗೀಚಿದ್ದರು: "ಆರಕ್ಕೆ ಬರೋಕೆ ಬಸ್ಸೇ ಇಲ್ಲ." ಉಗ್ರಾಣ ಇರುವುದು ಶೆಡ್ಡಿನ ಗೋಡೆಯ ಆಚೆ, ಮಾತು ಕೇಳಿಸುವ ಜಾಗದಲ್ಲಿ. ಅದರ ಎದುರಿಗೇ ಮ್ಯಾನೇಜರರ ಕೋಣೆಯ ಗಾಜಿನ ಕಿಟಕಿ. ಗಾಡಿಯಣ್ಣ ಗಾಡಿಯನ್ನು ಸುಮ್ಮನೆ ಆ ಮಗ್ಗುಲು ಕಿಟಕಿಗೆ ಕಾಣುವ ಹಾಗೆ ನಿಲ್ಲಿಸಿ, ಅಮಾಯಕರಂತೆ ಬೀಡಾಡಿ ನೂಲು ಹೆಕ್ಕತೊಡಗಿದರು. ಸಂಜೆಯ ಹೊತ್ತಿಗೆ ಪಾಳಿ ಆರೂವರೆಗೆ ಬಂದು ನಿಂತಿತು. ಇವತ್ತಿಗೂ ಅಲ್ಲೇ ನಿಂತಿದೆ.

ಅಂದಿನಿಂದ ಎಡ ಮಗ್ಗುಲು ಆಫೀಸಿನದು, ಬಲ ಮಗ್ಗುಲು ಶೆಡ್ಡಿನದು. ಆಫೀಸಿನ ಭಾಷೆಯನ್ನು ಮನುಷ್ಯರ ಭಾಷೆಗೆ ಇಳಿಸುವುದರಲ್ಲಿ ಗಾಡಿಯಣ್ಣನ ಸಮ ಯಾರಿಲ್ಲ. "ಜಲಪೂರೈಕೆಯಲ್ಲಿ ತಾತ್ಕಾಲಿಕ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ" ಎಂಬ ಹನ್ನೊಂದು ಸಾಲಿನ ಸುತ್ತೋಲೆ ಗಾಡಿಯ ಮೇಲೆ "ನಾಳೆ ನೀರಿಲ್ಲ, ಬಾಟ್ಲಿ ತನ್ನಿ" ಎಂದಾಗುತ್ತದೆ. ಬಲ ಮಗ್ಗುಲಲ್ಲಿ ಅವರು ತಮ್ಮ ಮಾತು ಬರೆಯುವುದಿಲ್ಲ. ಗಾಡಿ ಸಾಲಿನ ನಡುವೆ ಹೋಗುವಾಗ ಯಾರು ಬೇಕಾದರೂ ಬರೆಯಬಹುದು. ಅವರು ಮುಂದೆ ನೋಡಿಕೊಂಡು ತಳ್ಳುತ್ತಾರೆ. ಹಿಂತಿರುಗಿ ನೋಡುವುದಿಲ್ಲ.

ಕೆಲಸ ಆದರೆ ಬರಹ ಒರೆಸುವುದು. ಒರೆಸಿದ್ದಾರೆ ಎಂದರೆ ಆಗಿದೆ ಎಂದು ಅರ್ಥ. ಇದನ್ನು ಯಾರೂ ನಿಯಮ ಮಾಡಲಿಲ್ಲ, ತಾನಾಗಿ ಬೆಳೆಯಿತು. ಅದು ಎಷ್ಟು ಗಟ್ಟಿಯಾಗಿ ಬೆಳೆದಿದೆ ಎಂಬುದು ಹನ್ನೊಂದು ವರ್ಷದ ಹಿಂದಿನ ಒಂದು ಮಂಗಳವಾರದವರೆಗೂ ಗಾಡಿಯಣ್ಣನಿಗೇ ತಿಳಿದಿರಲಿಲ್ಲ.

ಆವತ್ತು ಹೊರಗಿನಿಂದ ದೊಡ್ಡ ಖರೀದಿದಾರರು ಬರುವವರಿದ್ದರು. ಆಗಿನ ಮೇಲ್ವಿಚಾರಕರು ಬಂದು, "ಏನಯ್ಯಾ ಇದು, ಗೋಡೆಬರಹ ಇದ್ದ ಹಾಗಿದೆ, ಒರೆಸು," ಎಂದರು. ಗಾಡಿಯಣ್ಣ ಒರೆಸಿದರು. ನಾಲ್ಕು ಸಾಲುಗಳಿದ್ದವು. ಅವುಗಳಲ್ಲಿ ಒಂದು, "ಅರವತ್ತೆರಡರ ಮುಚ್ಚಳದ ಮೊಳೆ ಸಡಿಲ." ಬರೆದವರು ಅರವತ್ತೆರಡನೇ ಮಗ್ಗದವರು. ಗಾಡಿಯಣ್ಣನ ಹೆಂಡತಿ.

ಮಾರನೇ ದಿನ ಆಕೆ ಗಾಡಿ ನೋಡಿದರು. ಬರಹವಿಲ್ಲ. ಮೊಳೆ ಬಿಗಿ ಮಾಡಿದ್ದಾರೆ ಎಂದುಕೊಂಡರು. ಹಲ್ಲುಚಕ್ರದ ಮೇಲಿನ ಮುಚ್ಚಳಕ್ಕೆ ಬಲಗೈ ಊರಿ, ಹರಿದ ಎಳೆಯೊಂದನ್ನು ಹಿಡಿಯಲು ಬಗ್ಗಿದರು. ಮುಚ್ಚಳ ಜಾರಿತು.

ಗಾಡಿಯಣ್ಣನ ಬೇರೆ ಯಾವ ಕತೆಗೆ ಬೇಕಾದರೂ ಒಗ್ಗರಣೆ ಹಾಕಬಹುದು. ಇದಕ್ಕೆ ಹಾಕಲು ಬರುವುದಿಲ್ಲ. ಎರಡು ಬೆರಳು ಎಂದರೆ ಎರಡೇ ಬೆರಳು, ಉಂಗುರದ್ದು ಮತ್ತು ಕಿರಿದು. ಕೂಗಿದ್ದು ಪಕ್ಕದ ಮಗ್ಗಕ್ಕೂ ಕೇಳಿಸಲಿಲ್ಲ. ಮೂರನೇ ಸಾಲಿನಲ್ಲಿದ್ದ ಗಾಡಿಯಣ್ಣನಿಗೂ ಕೇಳಿಸಲಿಲ್ಲ. ಅವರು ಗಾಡಿ ತಳ್ಳಿಕೊಂಡು ತಮ್ಮ ಪಾಡಿಗೆ ಐದನೇ ಸಾಲಿಗೆ ಬಂದಾಗಲೇ ಕಂಡದ್ದು.

"ಅವಳು ಒಂದು ಮಾತು ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಗಾಡಿಯಣ್ಣ. "ಆಸ್ಪತ್ರೇಲಿ ಕಣ್ಣು ಬಿಟ್ಟು ಕೇಳಿದ್ದೊಂದೇ. ಒರೆಸಿದ್ರಲ್ಲಾ ರೀ, ಮತ್ತೆ ಹೇಗೆ ಜಾರ್ತು ಅಂತ. ಅವಳಿಗೆ ಗೊತ್ತಿರ್ಲಿಲ್ಲ, ಸುಮ್ನೆ ಒರೆಸಿದ್ದು ಅಂತ. ನಾನೇ ಹೇಳ್ಬೇಕಾಯ್ತು."

ಅದಾದ ಮೇಲೆ ಗಾಡಿಗೊಂದು ಕಾನೂನು ಬಂತು. ಬರೆದ ಕೈಯೇ ಒರೆಸಬೇಕು. ಮೇಲ್ವಿಚಾರಕರಲ್ಲ, ಮ್ಯಾನೇಜರರಲ್ಲ, ಗಾಡಿಯಣ್ಣನೂ ಅಲ್ಲ. ಬರೆದವರು ಹೋಗಿ ಕಣ್ಣಾರೆ ನೋಡಿ, ಕೆಲಸ ಆಗಿದೆ ಎಂದು ಮನಸ್ಸಿಗೆ ಬಂದರೆ, ಗಾಡಿ ಹಾದು ಹೋಗುವಾಗ ತಾವೇ ಒರೆಸುತ್ತಾರೆ. ಅಲ್ಲಿಯವರೆಗೆ ಮಾಸಿದ್ದನ್ನು ತಿದ್ದುವುದು ಗಾಡಿಯಣ್ಣನ ಪಾಲು. ಈ ಕಾನೂನಿನ ದೆಸೆಯಿಂದ ಒಂದು ಬರಹ ಆರು ವರ್ಷದಿಂದ ಅಲ್ಲೇ ಕೂತಿದೆ: "ಟೀ ಅಂತ ಕೊಡ್ತಿರೋದು ಬರೀ ಬಿಸಿನೀರು." ಬರೆದ ಫಿಟ್ಟರ್ ನಿವೃತ್ತಿಯಾಗಿ ಮಗಳ ಊರು ಸೇರಿದ್ದಾರೆ. ವರ್ಷಕ್ಕೊಮ್ಮೆ ಫೋನ್ ಮಾಡಿ, ಟೀ ಸರಿಹೋಯಿತೇ ಎಂದು ವಿಚಾರಿಸುತ್ತಾರೆ. ಇಲ್ಲ ಎಂದರೆ, "ಹಾಗಾದ್ರೆ ಇರ್ಲಿ ಬಿಡು, ಒರೆಸೋಕೆ ಅಂತ ಅಷ್ಟು ದೂರ ಬರೋದು ತಪ್ತು," ಎನ್ನುತ್ತಾರೆ.

ಬೀಗದ ಮಾತು ಬಂದದ್ದು ಹೀಗೆ. ಹೋದ ವರ್ಷ ಹಿಂಬಾಗಿಲಿನಿಂದ ಮೂರು ಸಲ ನೂಲಿನ ಮೂಟೆ ಕಾಣೆಯಾಯಿತು. ಮ್ಯಾನೇಜರರು ಬಾಗಿಲಿಗೆ ಅಂಗೈಯಗಲದ ಬೀಗ ಜಡಿಸಿದರು. ಆ ಬಾಗಿಲ ಪಕ್ಕದಲ್ಲೇ ಬಟ್ಟೆಯ ತಪಾಸಣೆ ಕೋಣೆ. ನೇಯ್ದ ಬಟ್ಟೆಯನ್ನು ದೀಪದ ಮೇಲೆ ಹರವಿ ತಪ್ಪು ಹುಡುಕುವ ಇಪ್ಪತ್ತೆರಡು ಹೆಂಗಸರು ಅಲ್ಲಿ ಕೂರುತ್ತಾರೆ. ಸುತ್ತಲೂ ಥಾನು ಥಾನು ಬಟ್ಟೆ, ನೆಲದ ಮೇಲೆ ಹತ್ತಿಯ ಧೂಳು, ಒಂದು ಕಿಡಿಗೆ ಕಾಯುತ್ತಿರುವ ಹಾಗೆ. ಮಗ್ಗ ಬಿಟ್ಟ ಮೇಲೆ ಗಾಡಿಯಣ್ಣನ ಹೆಂಡತಿಗೂ ಕೆಲಸ ಸಿಕ್ಕಿದ್ದು ಅದೇ ಕೋಣೆಯಲ್ಲಿ. ಮೊದಲು ಬಲಗೈಯಲ್ಲಿ ಬರೆಯುತ್ತಿದ್ದ ಆಕೆ ಎಡಗೈಯಲ್ಲಿ ಬರೆಯಲು ಕಲಿತರು. ಅಕ್ಷರಗಳು ಎಡಕ್ಕೆ ವಾಲುತ್ತವೆ.

ಹತ್ತೊಂಬತ್ತು ದಿನದ ಹಿಂದೆ ಗಾಡಿ ಉಗ್ರಾಣಕ್ಕೆ ಬಂದಾಗ ಆ ಬರಹ ಕಂಡ ಕೂಡಲೇ ಗಾಡಿಯಣ್ಣನಿಗೆ ಕೈ ಯಾರದೆಂದು ತಿಳಿಯಿತು. ಮನೆಯಲ್ಲಿ ಸಾಮಾನಿನ ಚೀಟಿ ಬರೆಯುವ ಕೈ ಅದು. ಅವರು ಕೇಳಲಿಲ್ಲ. ಆಕೆ ಹೇಳಲಿಲ್ಲ. ಒಂದೇ ತಟ್ಟೆಯ ಎದುರು ಕೂತು ಉಣ್ಣುವ ಇಬ್ಬರು ಹತ್ತೊಂಬತ್ತು ದಿನ ಹವಾಮಾನದ ಬಗ್ಗೆ ಮಾತಾಡಿದರು. ಆಕಾಶಕ್ಕೇ ನಾಚಿಕೆಯಾಗುವಷ್ಟು ಮಾತಾಡಿದರು.

ಈಗ ಮತ್ತೆ ಮಂಗಳವಾರ, ನಾಳೆ ಮತ್ತೆ ಖರೀದಿದಾರರು. ಎಂಟು ಗಂಟೆಗೆ ಗಾಡಿ ಎಂದಿನಂತೆ ಗಾಜಿನ ಕಿಟಕಿಯ ಮುಂದೆ ಬಲ ಮಗ್ಗುಲು ತೋರಿಸಿಕೊಂಡು ನಿಲ್ಲುತ್ತದೆ. ಒಳಗಿನಿಂದ ಹೊಸ ಸಂಪರ್ಕಾಧಿಕಾರಿ ಬರುತ್ತಾರೆ. ನೌಕರರಿಗೂ ಆಡಳಿತಕ್ಕೂ ನಡುವೆ ಮಾತುಕತೆ ಸುಧಾರಿಸಲೆಂದೇ ನಾಲ್ಕು ತಿಂಗಳ ಹಿಂದೆ ನೇಮಕವಾದ ಇಪ್ಪತ್ತಾರರ ಹೆಣ್ಣುಮಗಳು. ಎಲ್ಲರಿಗೂ ಮೇಡಂ. ಆಕೆ ಬಂದ ಮೇಲೆ ಗೋಡೆಗೆ ನಾಲ್ಕು ಟಿವಿ ಬಂದವು. ಒಂದೇ ವಾರದಲ್ಲಿ ಅವು ಹತ್ತಿಧೂಳಿನ ದುಪ್ಪಟಿ ಹೊದ್ದು ಮಲಗಿದವು. ಆಮೇಲೆ ಮೊಬೈಲ್ ಆಪ್ ಬಂತು.

"ಅಣ್ಣಾ, ನಾಳೆ ಮಧ್ಯಾಹ್ನ ಅತಿಥಿಗಳು ಬರ್ತಿದಾರೆ. ಈ ಕಡೆ ಒಂಚೂರು ಒರೆಸಿಬಿಡಿ. ಅವರು ಹೋದ್ಮೇಲೆ ಮತ್ತೆ ಬರ್ಕೊಳ್ಳಲಿ."

"ಬರೆದ ಕೈ ಒರೆಸ್ಬೇಕು ಮೇಡಂ. ಇದು ನಾನು ಬರೆದಿದ್ದಲ್ಲ."

"ದಿನಾ ಬೆಳಗ್ಗೆ ತಿದ್ದೋದು ನೀವೇ ಅಂತಾರೆ?"

"ತಿದ್ದೋಕೆ ನಂಗೆ ಯಾರ ಅಪ್ಪಣೇನೂ ಬೇಡ. ಒರೆಸೋಕೆ ಬೇಕು."

"ಹಾಗಾದ್ರೆ ಬರೆದೋರು ಯಾರು ಹೇಳಿ, ನಾನೇ ಹೋಗಿ ಕೇಳ್ತೀನಿ."

"ನನ್ನ ಬೆನ್ನಿಗೆ ಕಣ್ಣಿಲ್ಲ ಮೇಡಂ."

"ದೂರು ಹಾಕೋಕೆ ಆಪ್‌ನಲ್ಲಿ ಜಾಗ ಮಾಡಿದೀನಲ್ಲಾ ಅಣ್ಣಾ, ಅಲ್ಲಿ ಒಬ್ರೂ ಏನೂ ಬರೆಯಲ್ಲ!"

"ಜಾಗ ಚೆನ್ನಾಗೇ ಇರಬಹುದು. ಫೋನು ಗೇಟಲ್ಲಿ ಪೆಟ್ಟಿಗೆ ಒಳಗಿರತ್ತೆ. ಶೆಡ್ಡಿಗೆ ತರೋ ಹಾಗಿಲ್ಲ ಅಂತ ನೀವೇ ಬರೆಸಿದ್ದು ಮೇಡಂ, ಎಡ ಮಗ್ಗುಲಿಗೆ."

ಅಷ್ಟರಲ್ಲಿ ಕಿಟಕಿಯ ಗಾಜು ಸರಿದು ಮ್ಯಾನೇಜರರ ದನಿ ಬರುತ್ತದೆ. "ಅವನ ಹತ್ರ ಏನು ವಾದ? ನಾಳೆ ಬೆಳಗ್ಗೆ ಎಂಟರೊಳಗೆ ಒರೆಸಿರ್ಬೇಕು. ಇಲ್ಲ ಅಂದ್ರೆ ಆ ಗಾಡಿ ಗುಜರಿಗೆ. ಪ್ಲಾಸ್ಟಿಕ್ ಗಾಡಿ ಹೇಗೂ ಬಂದು ಕೂತಿದೆ."

ಬಂದು ಕೂತಿರುವುದು ನಿಜ. ನೀಲಿ ಬಣ್ಣ, ನುಣುಪು ಮೈ, ಬೆರಳಲ್ಲಿ ತಳ್ಳಿದರೂ ಓಡುತ್ತದೆ. ಗಾಡಿಯಣ್ಣ ಅದರ ಮೇಲೆ ಸೀಮೆಸುಣ್ಣ ಎಳೆದು ನೋಡಿದ್ದಾರೆ. ಒಂದು ಗೆರೆಯೂ ಹತ್ತುವುದಿಲ್ಲ.

ಮ್ಯಾನೇಜರರ ಕಿಟಕಿ ಮುಚ್ಚುತ್ತದೆ. ಗಾಡಿಯಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಒಂದ್ಸಲ ಒರೆಸಿದ್ದೆ ಮೇಡಂ," ಎನ್ನುತ್ತಾರೆ. "ತಪಾಸಣೆ ಕೋಣೇಲಿ ನಮ್ಮನೆಯೋಳು ಇದಾಳೆ. ಅವಳ ಬಲಗೈ ನೋಡಿ. ಆಮೇಲೆ ಒಂದು ಉಪಕಾರ ಮಾಡಿ. ಎರಡು ಗಂಟೆಗೆ ಪಾಳಿ ಬದಲಾಗತ್ತಲ್ಲ, ಆಗ ಆ ಕೋಣೆಯಿಂದ ಮುಂಬಾಗಿಲವರೆಗೂ ಈ ಗಾಡೀನ ನೀವೇ ತಳ್ಕೊಂಡು ಬನ್ನಿ. ಗಡಿಯಾರ ನೋಡ್ಕೊಳ್ಳಿ."

"ನಾನಾ?"

"ಒಂದೇ ಸಲ. ನಾನು ಮೂವತ್ತೊಂದು ವರ್ಷದಿಂದ ತಳ್ತಿದೀನಿ, ಸತ್ತಿಲ್ಲ."

ಮೇಡಂ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಎರಡಕ್ಕೆ ಐದು ನಿಮಿಷವಿರುವಾಗ ಆಕೆ ತಪಾಸಣೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಅರವತ್ತೆರಡರ ಅಕ್ಕ, ಮಗ್ಗ ಬಿಟ್ಟು ಹನ್ನೊಂದು ವರ್ಷವಾದರೂ ಅವರ ಹೆಸರು ಅದೇ, ಬಟ್ಟೆಯ ಮೇಲೆ ಬಲಗೈ ಆಡಿಸುತ್ತಿದ್ದಾರೆ. ಮೇಡಂ ಆ ಕೈಯನ್ನು ನೋಡುತ್ತಾರೆ. ಗಂಟೆ ಹೊಡೆಯುತ್ತದೆ, ಮಗ್ಗಗಳು ನಿಲ್ಲುತ್ತವೆ.

ಒಳಗೆ ಬರುವವರು ತೊಂಬತ್ತೆಂಟು, ಹೊರಗೆ ಹೋಗುವವರು ತೊಂಬತ್ತೆಂಟು. ದಾರಿ ಒಂದೇ, ಎರಡು ಸಾಲು ಮಗ್ಗಗಳ ನಡುವಿನ ಒಂದು ಗಾಡಿಯಗಲದ ಓಣಿ. ಮೇಡಂ ಮೊದಲ ಇಪ್ಪತ್ತು ಹೆಜ್ಜೆಯಲ್ಲೇ ಮೂವರ ಕಾಲು ತುಳಿಯುತ್ತಾರೆ. ಕಿರುಗುಟ್ಟುವ ಚಕ್ರ ಎಡಕ್ಕೆ ಎಳೆಯುತ್ತದೆ. ಗುಂಪಿನಲ್ಲಿ ಯಾರೋ, "ಮೇಡಂ, ಹಾರನ್ ಹೊಡೀರಿ!" ಎಂದು ಕೂಗುತ್ತಾರೆ. ಶೆಡ್ಡು ನಗುತ್ತದೆ. ಆಕೆ ನಗುವುದಿಲ್ಲ. ಮುಂಬಾಗಿಲು ಮುಟ್ಟಿದಾಗ ಮೈಯೆಲ್ಲ ಹತ್ತಿಧೂಳು, ಹಣೆಯಲ್ಲಿ ಬೆವರು. ಕೈಗಡಿಯಾರ ನೋಡಿಕೊಳ್ಳುತ್ತಾರೆ.

"ನಾಲ್ಕು ನಿಮಿಷ ಹತ್ತು ಸೆಕೆಂಡು."

"ಇದು ದೀಪ ಇದ್ದಾಗ," ಎನ್ನುತ್ತಾರೆ ಗಾಡಿಯಣ್ಣ. "ಹೊಗೆ ಇಲ್ದೆ ಇದ್ದಾಗ. ಆ ಕೋಣೆಯಿಂದ ಹಿಂಬಾಗಿಲಿಗೆ ಹನ್ನೊಂದು ಹೆಜ್ಜೆ."

"ಬೀಗದ ಕೀಲಿ ಎಲ್ಲಿರತ್ತೆ?"

ಗಾಡಿಯಣ್ಣ ಕೈ ತೋರಿಸುತ್ತಾರೆ. ಮುಂಬಾಗಿಲಿನ ಆಚೆ, ಗೇಟಿನ ಹತ್ತಿರ, ಸ್ಟೂಲಿನ ಮೇಲೆ ಕೂತ ಕಾವಲುಗಾರರ ಸೊಂಟದಲ್ಲಿ ಕೀಲಿಗೊಂಚಲು ತೂಗಾಡುತ್ತಿದೆ.

ಮೇಡಂ ಮೈ ಕೊಡವಿಕೊಳ್ಳದೆ ಹಾಗೆಯೇ ಮ್ಯಾನೇಜರರ ಕೋಣೆಗೆ ಹೋಗುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿನ ಮಾತು ಹೊರಗೆ ಕೇಳಿಸದು. ಗಾಜಿನಲ್ಲಿ ಕೈಗಳು ಮಾತ್ರ ಕಾಣುತ್ತವೆ, ಆ ಕೈ ಏರುತ್ತದೆ, ಈ ಕೈ ಏರುತ್ತದೆ. ಕೈಸನ್ನೆ ಓದುವುದರಲ್ಲಿ ಮೂವತ್ತೊಂದು ವರ್ಷದ ಅನುಭವವಿರುವ ಗಾಡಿಯಣ್ಣನಿಗೂ ಗೆದ್ದವರು ಯಾರೆಂದು ತಿಳಿಯುವುದಿಲ್ಲ.

ಅವರ ಮನೆ ಕಾರ್ಖಾನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಎರಡು ಕೋಣೆ, ಒಂದು ಕಿಟಕಿ, ಕಿಟಕಿಯ ಮುಂದೆ ಊಟದ ಮೇಜು. ಸಂಜೆ ಗಾಡಿಯಣ್ಣ ಚೆಲ್ಲಿದ ನೀರು ಒರೆಸುತ್ತಿದ್ದಾರೆ. ಇದೇ ಹೊತ್ತಿಗೆ ಇದೇ ತಮಾಷೆ ಹನ್ನೊಂದು ವರ್ಷದಿಂದ ನಡೆದು ಬಂದಿದೆ.

"ಒರೆಸೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ," ಎನ್ನುತ್ತಾರೆ ಹೆಂಡತಿ.

ಬೇರೆ ದಿನವಾಗಿದ್ದರೆ ಅವರು ನಗುತ್ತಿದ್ದರು. ಇವತ್ತು ಬಟ್ಟೆ ಅಲ್ಲೇ ನಿಲ್ಲುತ್ತದೆ.

"ಗಾಡಿ ಗುಜರಿಗೆ ಹಾಕ್ತಾರಂತೆ," ಎನ್ನುತ್ತಾರೆ.

"ಕೇಳ್ದೆ."

"ಒರೆಸಿದ್ರೆ ಉಳಿಸ್ತಾರಂತೆ."

ಆಕೆ ಪಾತ್ರೆ ಜೋಡಿಸುತ್ತಾರೆ. ಮೂರು ಬೆರಳಿನ ಕೈಯಲ್ಲಿ ಲೋಟ ಹಿಡಿಯುವ ಅವರ ರೀತಿಯೇ ಬೇರೆ, ಲೋಟದ ಕುತ್ತಿಗೆಗೆ ಬೆರಳು ಸುತ್ತಿ, ಹಕ್ಕಿ ಹಿಡಿದ ಹಾಗೆ. ಕೊನೆಗೆ ಬೆನ್ನು ಹಾಕಿ ನಿಂತೇ ಕೇಳುತ್ತಾರೆ.

"ಒರೆಸ್ತೀರಾ?"

"ಬರೆದ ಕೈ ಒರೆಸ್ಬೇಕು ಕಣೇ."

"ಗಾಡಿ ಹೋದ್ರೆ?"

"ಹೋಗ್ಲಿ. ಗಾಡಿಗೆ ಬೆರಳಿಲ್ಲ."

ಅಲ್ಲಿಗೆ ಮಾತು ಮುಗಿಯುತ್ತದೆ. ಆಕೆ ಆಮೇಲೆ ಹವಾಮಾನದ ಬಗ್ಗೆ ಏನೂ ಹೇಳುವುದಿಲ್ಲ.

ಬುಧವಾರ ಬೆಳಗಿನ ಐದೂ ಮುಕ್ಕಾಲು. ಗಾಡಿಯಣ್ಣ ಶೆಡ್ಡಿನೊಳಗೆ ಕಾಲಿಟ್ಟು ಮೊದಲು ಹುಡುಕುವುದು ಗಾಡಿಯನ್ನು. ಇದೆ. ಮಂಡಿಯೂರಿ ಕೂತು ವಾಲಿದ ಅಕ್ಷರಗಳನ್ನು ತಿದ್ದುತ್ತಾರೆ. ಇಪ್ಪತ್ತನೇ ದಿನ. ಗೆರೆ ಬಿಟ್ಟು ಗೆರೆ ಹೋಗುವುದಿಲ್ಲ. ಎಂದಿನಂತೆ ಎಡ ಮಗ್ಗುಲಿಗೆ ಬರುತ್ತಾರೆ. ಅಲ್ಲಿ ಆಗಲೇ ಏನೋ ಬರೆದಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಎಡ ಮಗ್ಗುಲಿಗೆ ಗಾಡಿಯಣ್ಣನದಲ್ಲದ ಕೈ ಬಿದ್ದಿದೆ. ಸೀಮೆಸುಣ್ಣ ಹಿಡಿದು ಅಭ್ಯಾಸವಿಲ್ಲದ ಕೈ, ಒತ್ತಿ ಒತ್ತಿ ಬರೆದದ್ದು, ಕೆಳಗೆ ಮ್ಯಾನೇಜರರ ರುಜು. ಸುತ್ತೋಲೆಗೆ ಹಾಕುವ ಪೂರ್ತಿ ರುಜು, ಬಾಲದ ಸಮೇತ.

"ಬೀಗ ತೆಗೆದಿದೆ. ಒಳಗಿಂದ ತಳ್ಳಿದರೆ ತೆರೆಯುವ ಚಿಲಕ ಹಾಕಿಸಿದೆ. ನೀವೇ ತಳ್ಳಿ ನೋಡಿ."

ಆರೂಕಾಲಿಗೆ ಜನ ಬರತೊಡಗುತ್ತಾರೆ. ಮಗ್ಗ ಶುರುವಾಗಲು ಇನ್ನೂ ಹದಿನೈದು ನಿಮಿಷವಿದೆ, ಮಾತು ಕೇಳಿಸುವ ಹೊತ್ತು. ಎಡ ಮಗ್ಗುಲು ಓದಿದವರು ಬಲ ಮಗ್ಗುಲಿಗೆ ಬಂದು ನಿಲ್ಲುತ್ತಾರೆ. ಬರೆದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕಾನೂನು ಎಲ್ಲರಿಗೂ ಗೊತ್ತು. ಮೇಡಂ ಕೂಡ ಬಂದಿದ್ದಾರೆ, ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದಾರೆ.

ಗುಂಪಿನಿಂದ ಅರವತ್ತೆರಡರ ಅಕ್ಕ ಹೊರಬರುತ್ತಾರೆ. ಗಾಡಿಯ ಹತ್ತಿರ ಬರುವುದಿಲ್ಲ. ನೆಟ್ಟಗೆ ಶೆಡ್ಡಿನ ಕೊನೆಗೆ ನಡೆಯುತ್ತಾರೆ, ತಪಾಸಣೆ ಕೋಣೆ ದಾಟಿ, ಹನ್ನೊಂದು ಹೆಜ್ಜೆ. ಹಿಂಬಾಗಿಲಿಗೆ ಬಲಗೈ ಊರುತ್ತಾರೆ. ಒಂದು ಕ್ಷಣ ಕೈ ಹಾಗೆಯೇ ನಿಲ್ಲುತ್ತದೆ. ತಳ್ಳುತ್ತಾರೆ.

ಬಾಗಿಲು ತೆರೆಯುತ್ತದೆ. ಒಂದು ವರ್ಷದಿಂದ ಹೊರಗೆ ಕಾದು ನಿಂತಿದ್ದ ಬೆಳಕು ಒಮ್ಮೆಗೇ ಒಳನುಗ್ಗಿ, ಎಂಟೂ ಸಾಲಿನ ಮಗ್ಗಗಳ ನಡುವೆ ಓಡಿ ಬಂದು ಗಾಡಿಯ ಚಕ್ರ ಮುಟ್ಟುತ್ತದೆ. ಆಕೆ ಬಾಗಿಲು ಮುಚ್ಚಿ ಮತ್ತೊಮ್ಮೆ ತಳ್ಳುತ್ತಾರೆ. ಮತ್ತೆ ಮುಚ್ಚಿ, ಮೂರನೇ ಸಲ. ಒಂದು ಸಲ ನಂಬಿ ಎರಡು ಬೆರಳು ಕೊಟ್ಟವರು.

ಆಮೇಲೆ ಗಾಡಿಯ ಹತ್ತಿರ ಬಂದು ಗಂಡನ ಮುಂದೆ ಎಡಗೈ ಚಾಚುತ್ತಾರೆ. ಗಾಡಿಯಣ್ಣ ಜೇಬಿನಿಂದ ಬಟ್ಟೆ ತೆಗೆದು ಕೊಡುತ್ತಾರೆ.

"ನಿಮಗೆ ಗೊತ್ತಿತ್ತಾ?" ಆಕೆಯ ದನಿ ತೀರ ಸಣ್ಣದು.

"ಇಪ್ಪತ್ತು ದಿನ ತಿದ್ದಿದೀನಿ. ನಿನ್ನ ಅಕ್ಷರ ನಂಗೆ ಬಾಯಿಪಾಠ."

"ಒಂದು ಮಾತು ಹೇಳ್ಬಾರ್ದಾ ರೀ?"

"ನೀನೂ ಹೇಳ್ಲಿಲ್ಲ."

"ಹೇಳಿದ್ರೆ ನಿಮ್ಮ ಮೇಲೆ ಬರತ್ತೆ ಅಂತ ಹೇಳ್ಲಿಲ್ಲ."

"ನಾನೂ ಅದಕ್ಕೇ."

ಅರವತ್ತೆರಡರ ಅಕ್ಕ ಬಗ್ಗಿ ಒರೆಸುತ್ತಾರೆ. ಮೊದಲು "ಎಲ್ಲಿಂದ ಓಡೋದು", ಆಮೇಲೆ "ಬೆಂಕಿ", ಕೊನೆಗೆ "ಬೀಗ". ತಗಡು ಒದ್ದೆಯಾಗಿ ಹೊಳೆಯುತ್ತದೆ. ಹಿಂದಿನಿಂದ ಯಾರೋ, "ಅಕ್ಕಾ, ಹಾಗೇ ಆ ಟೀದೂ ಒರೆಸ್ಬಿಡಿ!" ಎನ್ನುತ್ತಾರೆ. "ಮೊದ್ಲು ಟೀ ಕುಡಿಸು, ಆಮೇಲೆ ಮಾತಾಡು," ಎಂದು ಆಕೆ ಬಟ್ಟೆ ಹಿಂಡುತ್ತಾರೆ. ಆರೂವರೆಗೆ ಮಗ್ಗಗಳು ಬಾಯಿ ತೆರೆಯುತ್ತವೆ, ಮಾತು ನಿಲ್ಲುತ್ತದೆ.

ಮಧ್ಯಾಹ್ನ ಬಂದ ಅತಿಥಿಗಳು ಗಾಡಿಯ ಮುಂದೆ ನಿಂತು ಇದೇನು ಬರೆದಿದೆ ಎಂದು ಕೇಳುತ್ತಾರೆ. ಮೇಡಂ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಾರೆ, ಟೀ ಚೆನ್ನಾಗಿಲ್ಲವಂತೆ ಎಂದು. ಅವತ್ತಿನ ಟೀ ಕುಡಿದವರು ಅದನ್ನು ಮುಂದಿನ ಮೂರು ತಲೆಮಾರಿಗೂ ಹೇಳುತ್ತಾರೆ, ಅಷ್ಟು ಚೆನ್ನಾಗಿತ್ತು. ಗುರುವಾರ ಮತ್ತೆ ಬಿಸಿನೀರು.

ಕಬ್ಬಿಣದ ಗಾಡಿಗೆ ವಯಸ್ಸಾಗಿದೆ, ಅದು ಹೋಗುವುದೇ. ಗಾಡಿಯಣ್ಣನಿಗೂ ಅದು ಗೊತ್ತಿದೆ. ಅವರು ಮೇಡಂ ಹತ್ತಿರ ಕೇಳಿಕೊಂಡಿರುವುದು ಒಂದೇ. ಬಲ ಮಗ್ಗುಲಿನ ತಗಡನ್ನು ಬಿಚ್ಚಿ ನೀಲಿ ಗಾಡಿಗೆ ನಾಲ್ಕು ಮೊಳೆ ಹೊಡೆದು ಕೂರಿಸಬೇಕು. "ಎಡಗಡೇದು ಬಿಟ್ರೂ ಪರ್ವಾಗಿಲ್ಲ. ಆಫೀಸಿನೋರು ಹೇಗಾದ್ರೂ ಹೇಳ್ಕೊಳ್ತಾರೆ. ಬಲಗಡೇದು ಬೇಕು." ಮೇಡಂ ಈಗಿನ ಫಿಟ್ಟರಿಗೆ ಹೇಳಿದ್ದಾರೆ. ಟೀ ಬರಹ ಅಳಿಸದ ಹಾಗೆ ಬಿಚ್ಚಬೇಕೆಂದು ಬೇರೆ ಹೇಳಿದ್ದಾರೆ.

ಇಷ್ಟೆಲ್ಲ ಮಾಡಿದಿರಲ್ಲ, ಹೇಗನ್ನಿಸುತ್ತದೆ ಎಂದು ಕೇಳಿದರೆ ಗಾಡಿಯಣ್ಣ ಗಾಬರಿಯಾಗಿ ಸುತ್ತ ನೋಡುತ್ತಾರೆ, ಬೇರೆ ಯಾರಿಗೋ ಕೇಳಿದ್ದಿರಬೇಕು ಎನ್ನುವ ಹಾಗೆ. ಆಮೇಲೆ ಕಂಡಿಕೆ ಜೋಡಿಸುತ್ತಲೇ ಹೇಳುತ್ತಾರೆ.

"ಬರೆದೋಳು ಅವಳು. ತಳ್ಳಿದ್ದು ಮೇಡಂ. ಬೀಗ ತೆಗೆಸಿದ್ದು ಮ್ಯಾನೇಜರ್ರು. ನಾನೇನು ಮಾಡ್ದೆ ಸ್ವಾಮಿ? ಒರೆಸ್ಲಿಲ್ಲ, ಅಷ್ಟೇ."